ಚುಕ್ಕಿ ಫೈಲು

ಟಿ. ನರಸೀಪುರದ ಅತ್ತೆಮನೆಯ ಮುಂದಿನ ಕೋಣೆಯಲ್ಲಿ ಗೌತಮಿ ಡಿಟಿಪಿ ಅಂಗಡಿ ತೆರೆದ ದಿನವೇ ಹೊಸ ಕಂಪ್ಯೂಟರು ಕೈಕೊಟ್ಟಿತು. ಕೆಟ್ಟು ಕೂತಿದ್ದರೆ ಆ ಮಾತು ಬೇರೆ. ಚೆನ್ನಾಗಿಯೇ ಓಡುತ್ತಿತ್ತು, ಇವಳ ಗುರುತೇ ಇಲ್ಲದಂತೆ ಆಡುತ್ತಿತ್ತು, ಅಷ್ಟೇ.

ಆ ಕೋಣೆ ಅಲ್ಲಿಯವರೆಗೆ ರಾಗಿ ಮೂಟೆಗಳದ್ದು; ಅವನ್ನು ಸದ್ಯಕ್ಕೆ ನಡುಮನೆಗೆ ಸಾಗಿಸಿದ್ದರು. "ನೋಡವ್ವ, ಅಂಗ್ಡಿ ನಡುದ್ರೆ ನಿಂದು, ಇಲ್ದಿದ್ರೆ ಮತ್ತೆ ರಾಗೀದು," ಎಂದು ಅತ್ತೆ ಶಿವನಂಜಮ್ಮ ಮೊದಲೇ ಖಡಾಖಂಡಿತ ಹೇಳಿದ್ದರು. ಈಗ ಗೃಹಪ್ರವೇಶದ ಕಾರ್ಡಿಗೆಂದು ಪಕ್ಕದ ಬೀದಿಯ ಮಾದಮ್ಮನನ್ನು ತಾವೇ ಕರೆತಂದು, ಸೊಸೆಯ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ನಂಜನಗೂಡಿನ ತವರಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ಎರಡಕ್ಷರ ಒತ್ತಿದರೆ 'ತಮ್ಮ ಸುಖಾಗಮನವನ್ನು ಬಯಸುವ' ಅನ್ನುವ ಸಾಲು ಪೂರ್ತಿ ಮೂಡುತ್ತಿತ್ತು. ಅಷ್ಟು ಪಳಗಿಸಿದ್ದಳು. ಇಲ್ಲಿ ಒತ್ತಿದರೆ ಬರೀ ಎರಡಕ್ಷರ. ಗೌತಮಿಗೆ ಅಳುವೇ ಬಂತು.

"ರೀ, ಹಳೇ ಕಂಪ್ಯೂಟರಿಂದ ಎಲ್ಲಾ ತಂದ್ರಾ?"

"ಕಣ್ಗೆ ಕಂಡಿದ್ದೆಲ್ಲಾ ಕಾಪಿ ಮಾಡ್ಕೊಂಡ್ ಬಂದಿವ್ನಿ ಕಣೆ, ಒಂದು ಫೋಟೋನೂ ಬಿಟ್ಟಿಲ್ಲ," ಅಂದ ಗಂಡ ರಾಜೇಂದ್ರ.

ಕಣ್ಣಿಗೆ ಕಂಡಿದ್ದಂತೆ! ಅಳಿಯದೇವರ ಸಾಗಾಟವೇ ಇಷ್ಟು. ಗೌತಮಿ ಹಣೆ ಚಚ್ಚಿಕೊಂಡು ತವರಿನಲ್ಲಿದ್ದ ತಮ್ಮ ಸಿದ್ಧಾರ್ಥನಿಗೆ ಫೋನ್ ಮಾಡಿದಳು. "ಲೋ, ಹೆಸರಿನ ಮುಂದೆ ಚುಕ್ಕಿ ಇರೋ ಫೋಲ್ಡರು ಕಣೋ. ಸುಮ್ನೆ ಕಾಣಲ್ಲ. ಕಂಟ್ರೋಲ್ ಎಚ್ ಒತ್ತು, ಕಾಣ್ತದೆ. ಬೇಗ ಕಳ್ಸು."

"ಅದೇನವ್ವ, ಕಳ್ಳಗಂಟು?" ಅಂದರು ಅತ್ತೆ.

"ಅಲ್ಲ ಅತ್ತೆ, ನನ್ನ ಅಭ್ಯಾಸಗಳು. ಅಕ್ಷರ ಎಷ್ಟು ದಪ್ಪ ಇರ್ಬೇಕು, ಯಾವ ಕೀ ಏನ್ ಮಾಡ್ಬೇಕು, ಎಲ್ಲಾ ಅದ್ರಲ್ಲೇ ಇರ್ತವೆ."

ಫೈಲುಗಳು ಬಂದವು. ಜಾಗಕ್ಕೆ ಹಾಕಿ ಕೂತಳು ನೋಡಿ, ಮಾದಮ್ಮನ ಬಾಯಲ್ಲಿದ್ದ ಎಲೆಅಡಿಕೆ ಮುಗಿಯುವುದರೊಳಗೆ ಕಾರ್ಡು ಸಿದ್ಧ!

ಶಿವನಂಜಮ್ಮ ಒಳಗಿಂದ ಕಾಫಿ ತಂದರು. ಮಾದಮ್ಮನಿಗೆ ಒಂದು ಲೋಟ ಕೊಟ್ಟು, ಸೊಸೆಯದನ್ನು ಕೈಯಲ್ಲೇ ಹಿಡಿದು ನಿಂತರು.

"ನೀ ಬಂದಾಗ್ಲೂ ನಾವು ಕಣ್ಗೆ ಕಂಡಿದ್ನೇ ಇಳಿಸ್ಕೊಂಡ್ವೇನೋ ಕಣವ್ವ. ಬೀರು, ಪಾತ್ರೆ, ಟ್ರಂಕು. ಹೇಳು, ತವರಲ್ಲಿ ಕಾಫಿ ಎಂಗ್ ಕುಡೀತಿದ್ದೆ?"

ಗೌತಮಿ ತಬ್ಬಿಬ್ಬಾದಳು. ಮದುವೆಯಾದಾಗಿನಿಂದ ಪಾಯಸದಂಥ ಆ ಕಾಫಿಯನ್ನು ಕಣ್ಣು ಮುಚ್ಚಿ ನುಂಗುತ್ತಿದ್ದಳು.

"ಸಕ್ಕರೆ ಇಲ್ದೆ, ಅತ್ತೆ."

"ಅಯ್ಯೋ ನಿನ್ನ! ಇಷ್ಟ್ ದಿನ ಬಾಯಲ್ಲಿ ಏನ್ ಇಟ್ಕೊಂಡಿದ್ದೆ?" ಬೈಯುತ್ತಲೇ ಆ ಲೋಟವನ್ನು ಮಗನ ಕೈಗೆ ತುರುಕಿ, ಮತ್ತೆ ಹಾಲು ಕಾಯಿಸಲು ಒಳಗೆ ಹೋದರು. ಅಡುಗೆಮನೆಯಿಂದ ಕೂಗು ಕೇಳಿಸಿತು: "ಲೋ ರಾಜೇಂದ್ರ, ರಾಗಿ ಮೂಟೆ ಇನ್ಮೇಲೆ ನಡುಮನೇಲೇ ಇರ್ಲಿ ಕಣ್ಲಾ!"