ದೇವೀಂದ್ರಪ್ಪನ ಜೀಪಿನ ಬಿಕ್ಕು

ಜಮೀರ ಗೇರು ಇಳಿಸುವುದರೊಳಗೆ ಜೀಪು ಎರಡು ಸಲ ಬಿಕ್ಕಿ, ಚೌಡಾಪುರದಾಚೆ ತೊಗರಿ ಹೊಲದ ಪಕ್ಕ ನಿಂತುಬಿಟ್ಟಿತು. ಹಿಂದಿನ ಸೀಟು ತೆಗೆದು ದೇವೀಂದ್ರಪ್ಪನ ಹೆಣ ಮಲಗಿಸಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಲ್ಕಮ್ಮ, ಅಲುಗಿದ ಹೆಣವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಆಂಬುಲೆನ್ಸ್ ಮಾಡೋಣಂತ ಬಡಕೊಂಡೆ, ಕೇಳಿದೇನವ್ವಾ?" ಮುಂದೆ ಕೂತಿದ್ದ ಮಗ ಅಜಯಕುಮಾರ ಸಿಡುಕಿದ.

"ಜೀವ ಇರೂತನ ಇದ್ರಾಗೇ ತಿರುಗ್ಯಾರ. ಇದ್ರಾಗೇ ಊರಿಗಿ ಹೋಗ್ತಾರ."

ಬೆಳಿಗ್ಗೆ ಕಲಬುರಗಿಯ ಆಸ್ಪತ್ರೆಯ ಬಾಗಿಲಲ್ಲೂ ಮಲ್ಕಮ್ಮ ಇದನ್ನೇ ಹೇಳಿ ಹಟ ಹಿಡಿದಿದ್ದಳು. ಈಗ ಅವಳಿಗೇ ಹೆದರಿಕೆ. ಮಣ್ಣಿಗೆ ಬಂದ ಬೀಗರೆಲ್ಲ ಅಫಜಲಪುರದಾಚೆಯ ಊರಿನಲ್ಲಿ ಕಾಯುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಸತ್ತ ಮೇಲೂ ದೇವೀಂದ್ರಪ್ಪ ದಾರಿಯಲ್ಲೇ ನಿಂತ ಎಂದು ಊರು ನಗಬಾರದು.

ನಗುವುದು ಊರಿಗೆ ರೂಢಿಯಾಗಿತ್ತು. ಆ ಹಳೆಯ ಜೀಪು ಬಿಕ್ಕಿದಾಗಲೆಲ್ಲ, "ಯಾರೋ ನೆನಸಾಕತ್ತಾರ ನೋಡಪಾ, ನೀರು ಕುಡಸು" ಎಂದು ಸವಾರಿಯವರು ಕಿಚಾಯಿಸುತ್ತಿದ್ದರು. ದೇವೀಂದ್ರಪ್ಪನೂ ನಗುತ್ತಿದ್ದ. ಆದರೆ ಅವಸರದ ಜನ ಮೆಲ್ಲಗೆ ಬೇರೆ ಗಾಡಿ ಹಿಡಿಯತೊಡಗಿದ್ದರು.

ಜಮೀರ ಬಾನೆಟ್ ಎತ್ತಿದ. ಅವನು ಅಫಜಲಪುರದ ಮಿಸ್ತ್ರಿ, ಸತ್ತವನ ಗೆಳೆಯ. ಈ ಬಿಕ್ಕಿಗಾಗಿ ಫಿಲ್ಟರು, ಪಂಪು ಬದಲಿಸಿದವನು ಅವನೇ. ಅವನ ಗ್ಯಾರೇಜಿನಲ್ಲಿ ಮಾತ್ರ ಜೀಪು ಅತ್ತೆಯ ಮುಂದಿನ ಹೊಸ ಸೊಸೆಯ ಹಾಗೆ ನಡೆದುಕೊಳ್ಳುತ್ತಿತ್ತು.

"ಬ್ಯಾನಿ ಗಾಡಿದಲ್ಲ, ನಿನ್ನ ತಲಿದು ಅಂತ ಬೈದಿದ್ದೆ ವೈನಿ," ಎಂದ ಜಮೀರ. "ಆಮ್ಯಾಲ ಗಾಡಿ ತರೂದೇ ಬಿಟ್ಟ. ಸಿಟ್ಟಾಗ್ಯಾನ ಅನ್ಕೊಂಡೆ. ಇವತ್ತ ನೋಡ್ರಿ, ನನ್ನ ಕೈಯಾಗೇ ನಿಂತದ."

ಟ್ಯಾಂಕಿನಿಂದ ಇಂಜಿನ್ನಿಗೆ ಡೀಸೆಲ್ ಎಳೆಯುವ ಕೈಪಂಪು ಒತ್ತಿದ. ಟ್ಯಾಂಕು ಅರ್ಧ ತುಂಬಿದ್ದರೂ ಡೀಸೆಲ್ ಬರಲಿಲ್ಲ. ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದ. ಹುಸ್ಸೆಂದು ಗಾಳಿ ಒಳಗೆ ನುಗ್ಗಿತು. ಮತ್ತೆ ಒತ್ತಿದ, ಡೀಸೆಲ್ ಬಂತು.

"ಸಿಕ್ತು! ಡೀಸೆಲ್ ಖಾಲಿ ಆದಂಗ ಟ್ಯಾಂಕಿಗಿ ಗಾಳಿ ಹೋಗ್ಬೇಕು. ಅದಕ್ಕಂತ ಮುಚ್ಚಳದಾಗ ತೂತು ಇರ್ತದ. ಇಲ್ಲಿ ರಬ್ಬರ್ ಇಟ್ಟು ಮುಚ್ಯಾರ. ಯಾವ ತಲಿ ಇಲ್ದವ್ರ ಕೆಲಸರಿ ಇದು?"

"ನಂದು," ಎಂದಳು ಮಲ್ಕಮ್ಮ.

*

ಹಿಂದೊಮ್ಮೆ ಮದುವೆಗೆ ಹೊರಟ ಹೆಂಗಸೊಬ್ಬಳು ಜೀಪಿನಿಂದ ಇಳಿಯುತ್ತ ಮುಖ ಸಿಂಡರಿಸಿದ್ದಳು. "ನಿಮ್ಮ ಗಾಡ್ಯಾಗ ಕುಂತ್ರ ರೇಷ್ಮಿ ಸೀರಿಗೂ ಡೀಸೆಲ್ ನಾತ."

ಆ ಸಂಜೆ ಮಲ್ಕಮ್ಮ ಮಗನ ಹಳೆಯ ಸೈಕಲ್ ಟ್ಯೂಬಿನ ಮೇಲೆ ತನ್ನ ಬಳೆ ಇಟ್ಟು, ಸುತ್ತ ಗೆರೆ ಎಳೆದು ಕತ್ತರಿಸಿದಳು. ಅದನ್ನು ಮುಚ್ಚಳದೊಳಗೆ ಕೂರಿಸಿದ ಮೇಲೆ ಡೀಸೆಲ್ ತುಳುಕುವುದೂ ನಿಂತಿತು, ವಾಸನೆಯೂ ಹೋಯಿತು. ದೇವೀಂದ್ರಪ್ಪ ಜೀಪಿನ ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ ಮುಚ್ಚಳ ತೆಗೆದು ತೋರಿಸಿದ.

"ನನ್ ಹೆಣ್ತಿ ಇಂಜಿನೇರ್ ಆಗ್ಯಾಳಪಾ."

ಮಲ್ಕಮ್ಮನಿಗೆ ನಾಚಿಕೆಯಾಗಿತ್ತು, ಹಿಗ್ಗೂ ಆಗಿತ್ತು. ಆಮೇಲೆ ಆಗಾಗ ಕೇಳುತ್ತಿದ್ದಳು, "ನನ್ನ ರಬ್ಬರ್ ಅದ ಇಲ್ರಿ?"

"ಅದ, ಅದ. ಎಲ್ಲಿ ಹೋಗ್ತದ?"

*

ಜಮೀರ ನಾಲಗೆ ಕಚ್ಚಿಕೊಂಡಿದ್ದ. ಮಾತು ತಪ್ಪಿಸಲು ರಬ್ಬರನ್ನು ಒರೆಸಿ ತಿರುವಿ ನೋಡಿದವನು ಹಾಗೇ ನಿಂತ.

"ಇದನ್ನ ದಬ್ಬಣದಿಂದ ಚುಚ್ಯಾರ ವೈನಿ."

ರಬ್ಬರಿನ ತುಂಬ ತೂತುಗಳಿದ್ದವು. ಹಳೆಯವು ಮುಚ್ಚಿಕೊಂಡಿದ್ದವು. ಪಕ್ಕದಲ್ಲೇ ಹೊಸವು.

"ಗಾಡಿ ನಿಂತ್ರ ಅಪ್ಪ, ಟಾಯರ್ ನೋಡಿ ಬರ್ತೇನಿ ಅಂತ ಹಿಂದ ಹೋಗ್ತಿದ್ದ," ಎಂದ ಅಜಯಕುಮಾರ. "ಬಂದು ಕುಂತ್ರ ಓಡ್ತಿತ್ತು."

"ಅಂದ್ರ ಅವಗ ಗೊತ್ತಾಗಿತ್ತು. ಅದಕ್ಕೇ ನನ್ನ ಕಡಿ ಬರ್ಲಿಲ್ಲ. ಚುಚ್ಚಿದ್ರ ನಾಕ್ ದಿನ ಓಡ್ತದ, ರಬ್ಬರ್ ಮತ್ತ ಕೂಡ್ಕೊಂತದ, ಮತ್ತ ಬಿಕ್ತದ."

"ಗೊತ್ತಾದ ಮ್ಯಾಲ ಕಿತ್ತಿ ಒಗೀಬೇಕಿಲ್ಲ?"

ಕೇಳಿ ಮುಗಿಸುವುದರೊಳಗೆ ಮಲ್ಕಮ್ಮನಿಗೇ ಉತ್ತರ ಹೊಳೆದಿತ್ತು. ಬೆಳಗಿನಿಂದ ಗಟ್ಟಿಯಾಗಿದ್ದವಳು ಹೆಣದ ಎದೆಯ ಮೇಲೆ ಕೈಯಿಟ್ಟು ಜೋರಾಗಿ ಅತ್ತಳು.

"ಒಂದ್ ಮಾತು ಹೇಳ್ಬಾರದಿತ್ತೇನ್ರಿ? ಮಂದಿ ಕೈಲೆ ಇಷ್ಟು ದಿನ ನಗಸ್ಕೊಂಡ್ರೆಲ್ಲ! ನಾ ಏನ್ ನಿಮ್ಮನ್ನ ತಿಂತಿದ್ನೇನು?"

ಊರಿನಿಂದ ಮಗಳು ಮೈತ್ರಿಯ ಫೋನು ಬಂತು. "ಬರಾಕತ್ತೇವಿ," ಎಂದಷ್ಟೇ ಹೇಳಿ ಅಜಯಕುಮಾರ ಕಣ್ಣು ಒರೆಸಿಕೊಂಡ.

ಜಮೀರ ರಬ್ಬರಿಲ್ಲದೆ ಮುಚ್ಚಳ ಬಿಗಿದ. ಜೀಪು ಅಫಜಲಪುರ ದಾಟಿತು, ಎಲ್ಲೂ ಬಿಕ್ಕಲಿಲ್ಲ. ಊರಿನ ಕಚ್ಚಾ ರಸ್ತೆಯಲ್ಲಿ ಎತ್ತಿಹಾಕಿದಾಗ ಡೀಸೆಲ್ ತುಳುಕಿ, ವಾಸನೆ ಒಳಗೆಲ್ಲ ಹರಡಿತು.

"ಅವ್ವಾ, ಮುಂದ ಬಂದು ಕೂಡು," ಎಂದ ಅಜಯಕುಮಾರ ಮೂಗು ಮುಚ್ಚಿಕೊಂಡು. "ಸೀರಿ ನಾತ ಹಿಡೀತದ."

"ಹಿಡೀಲಿ ಬಿಡು," ಎಂದು ಮಲ್ಕಮ್ಮ ಗಂಡನ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು.