ನೊರಜಿಗೆ ಹದಿನೈದು ದಿನ

ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು. ಮಾತನ್ನೂ ಅಳೆದು ತೂಗಿಯೇ ಆಡುತ್ತಾರೆ. ಹಾಗಾಗಿ ಒಂದು ಬೆಳಿಗ್ಗೆ ಕೆಲಸದ ಮೇಜಿನಿಂದ ತಲೆಯೆತ್ತಿ, "ಹದಿನೈದು ದಿನ ಕೊಡ್ತೀನಿ. ಅಷ್ಟರಲ್ಲಿ ನೊರಜು ಹೋಗ್ಬೇಕು, ಇಲ್ಲಾಂದ್ರೆ ಕುಂಡ ಹೋಗ್ಬೇಕು" ಎಂದಾಗ ಅದು ಬರೀ ಬೆದರಿಕೆಯಲ್ಲ ಎಂದು ನನಗೆ ಗೊತ್ತಾಯಿತು.

ಅವರನ್ನು ದೂರುವ ಹಾಗೂ ಇರಲಿಲ್ಲ. ಮನೆಯಲ್ಲಿ ಬೆಳಕು ಬರುವ ಕಿಟಕಿ ಒಂದೇ. ಅದರ ಪಕ್ಕದಲ್ಲಿ ಅವರ ಮೇಜೂ ಇರಬೇಕು, ನನ್ನ ಆರು ಕುಂಡಗಳೂ ಇರಬೇಕು. ಕುಂಡದ ಮಣ್ಣಿನಿಂದ ಎದ್ದ ಒಂದು ಕರಿ ನೊರಜು, ಮುಚ್ಚಳ ಬಿಚ್ಚಿಟ್ಟ ಕೈಗಡಿಯಾರದೊಳಗೆ ಬಿದ್ದು ಹಲ್ಲುಚಕ್ರಕ್ಕೆ ಸಿಕ್ಕಿಕೊಂಡಿತ್ತು. ರಿಪೇರಿಯಾಗಿ ಹೋದ ಗಡಿಯಾರ ಮೂರನೇ ದಿನಕ್ಕೆ ವಾಪಸ್ ಬಂದರೆ ಯಾವ ಕಸುಬುದಾರನಿಗೆ ತಲೆ ಕೆಡುವುದಿಲ್ಲ ಹೇಳಿ. ಆದರೆ ಆ ಆರು ಗಿಡ ಬಿಟ್ಟರೆ ಇಡೀ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನಗೂ ಬೇರೇನೂ ಇರಲಿಲ್ಲ.

ಟೊಂಕ ಕಟ್ಟಿ ನಿಂತೆ. ಬಟ್ಟಲಲ್ಲಿ ವಿನೆಗರ್, ಚಿಟಿಕೆ ಸಕ್ಕರೆ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿ ಕುಂಡಗಳ ನಡುವೆ ಇಟ್ಟೆ. ನೊರಜುಗಳು ಬಿದ್ದು ಸತ್ತವು, ಅಷ್ಟೇ ಹೊಸವು ಎದ್ದು ಬಂದವು. ಅತ್ತೆ ತಮ್ಮದೂ ಒಂದು ಕೈ ಇರಲಿ ಎಂದು ಮಣ್ಣಿನ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದರು. ಗಡಿಯಾರ ಕೊಡಲು ಬಂದವರೆಲ್ಲ ಒಳಗೇನು ಬೇಯುತ್ತಿದೆ ಎಂದು ಕೇಳಿದರೇ ಹೊರತು ನೊರಜು ಜಪ್ಪಯ್ಯ ಎನ್ನಲಿಲ್ಲ.

ಕೊನೆಗೆ ನರ್ಸರಿಯವಳನ್ನು ಕೇಳಿದೆ. ಹಾರುವುದನ್ನು ಹಿಡಿದರೆ ಸಾಲದು, ಮರಿಗಳಿರುವುದು ಒದ್ದೆ ಮೇಲ್ಮಣ್ಣಿನಲ್ಲಿ, ಅದು ಚೆನ್ನಾಗಿ ಒಣಗುವ ತನಕ ನೀರು ತೋರಿಸಬೇಡಿ ಎಂದಳು. ಐದು ದಿನ ಕೈ ಕಟ್ಟಿ ಕೂತೆ. ಆರನೇ ದಿನ ಬೆರಳಿಟ್ಟು ನೋಡಿದರೆ ಮಣ್ಣು ಹಸಿ ಹಸಿ.

ನನ್ನ ಅನುಮಾನ ನೆಟ್ಟಗೆ ಅತ್ತೆಯ ಮೇಲೆ ಹೋಯಿತು. ಅಕ್ಕಿ ತೊಳೆದ ನೀರನ್ನು ಚೆಲ್ಲಲು ಅವರಿಗೆ ಮನಸ್ಸು ಬಾರದು. ಕೇಳಿಯೇಬಿಟ್ಟೆ. ಹಾಕುವುದಾದರೆ ಎದುರಿಗೇ ಚೊಂಬುಗಟ್ಟಲೆ ಹಾಕುತ್ತೇನೆ, ಕದ್ದು ಹಾಕುವ ಗತಿ ತನಗೆ ಬಂದಿಲ್ಲ ಎಂದು ಅವರು ಮುಖ ತಿರುಗಿಸಿದರು.

ಮಾರನೇ ದಿನ ತರಕಾರಿಗೆಂದು ಹೊರಟವಳು ಚೀಲ ಮರೆತು ಅರ್ಧ ದಾರಿಯಿಂದ ಹಿಂತಿರುಗಿದೆ. ನನ್ನ ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಣ್ಣ ಸಿರಿಂಜಿನಿಂದ ಕುಂಡಗಳಿಗೆ ಹನಿ ಹನಿ ನೀರು ಬಿಡುತ್ತಿದ್ದರು. ಗಡಿಯಾರಕ್ಕೆ ಎಣ್ಣೆ ಕೊಡುವುದು ಹಾಗೆಯೇ ತಾನೆ, ಹೆಚ್ಚಾದರೆ ಕೆಡುತ್ತದೆ. ಹೀಗಾಗಿ ಬೇರಿಗೆ ತೊಟ್ಟೂ ಇಳಿಯದೆ ಮೇಲ್ಮಣ್ಣು ಮಾತ್ರ ದಿನವೂ ಒದ್ದೆ. ನೊರಜಿಗೆ ಇದಕ್ಕಿಂತ ಸುಖ ಬೇಕೆ.

"ಗಡುವು ಕೊಟ್ಟವರು ನೀವೇ ಅಲ್ವಾ?" ಎಂದೆ.

"ಕೊಟ್ಟೆ. ಆದ್ರೆ ಎಲೆ ಬಾಡೋಕೆ ಶುರುವಾಯ್ತು. ನನ್ನ ಮಾತಿಗೆ ನಿನ್ನ ಗಿಡ ಸತ್ತೋದ್ರೆ, ಆಮೇಲೆ ನಾನಿಲ್ಲಿ ಹೇಗೆ ಕೂತ್ಕೊಳ್ಳಲಿ?"

ಬೈಯಲೆಂದು ತೆರೆದ ಬಾಯಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮೊದಲು ಅಡುಗೆಮನೆಗೆ ಹೋಗಿ ಅತ್ತೆಯ ಬಳಿ ತಪ್ಪಾಯಿತು ಎಂದೆ. ಮಗ ಚಿಕ್ಕಂದಿನಿಂದಲೂ ಹೀಗೆಯೇ, ಒಳ್ಳೆಯದನ್ನೂ ಕದ್ದು ಮಾಡುತ್ತಾನೆ ಎಂದು ಅವರು ನಕ್ಕರು. ಆಮೇಲೆ ಗಂಡನ ಕೈಯಿಂದ ಸಿರಿಂಜು ಕಸಿದುಕೊಂಡೆ. ಮಣ್ಣು ಒಣಗಿದ ಮೇಲೆ ಬೆರಳ ದಪ್ಪಕ್ಕೆ ಮರಳು ಹರಡಿ, ನೀರನ್ನು ಕೆಳಗಿನ ತಟ್ಟೆಗೆ ಮಾತ್ರ ಹಾಕಿದೆ. ಬೇರು ಬೇಕಾದಷ್ಟು ಹೀರಿಕೊಂಡಿತು, ಎಲೆಗಳು ತಲೆಯೆತ್ತಿದವು.

ಹದಿನೈದನೇ ದಿನ ಹುಡುಕಿ ಹುಡುಕಿ ನೋಡಿದೆ. ಕಿಟಕಿಯ ಗಾಜಿನ ಮೇಲೆ ಎರಡು ನೊರಜು ಉಳಿದಿದ್ದವು. ಮುಚ್ಚಿಟ್ಟು ಏನು ಪ್ರಯೋಜನ? ಗಡುವು ಮುಗಿಯಿತು, ಎರಡು ಇನ್ನೂ ಇವೆ, ಕುಂಡ ಎತ್ತಲೇ ಎಂದು ಅವರನ್ನೇ ಕೇಳಿದೆ.

"ಎರಡು ತಾನೇ, ಇರ್ಲಿ ಬಿಡು" ಎಂದವರೇ, ಬಿಚ್ಚಿಟ್ಟ ಗಡಿಯಾರದ ಮೇಲೆ ಗಾಜಿನ ಲೋಟ ಬೋರಲು ಹಾಕಿದರು. ಈ ಬುದ್ಧಿ ಹದಿನೈದು ದಿನದ ಹಿಂದೆ ಎಲ್ಲಿ ಹೋಗಿತ್ತು ಎಂದು ನಾನು ಕೇಳಲಿಲ್ಲ.