ಕಂಬದವರೆಗೆ ನಡೆದು ಬನ್ನಿ

ಬೀದಿಯವರೆಲ್ಲ ಆಕೆಯನ್ನು ಅಳತೆಯಮ್ಮ ಎನ್ನುತ್ತಿದ್ದರು. ಎದುರಿಗೆ ಯಾರೇ ಬರಲಿ, ಆಕೆ ಮೊದಲು ನೋಡುತ್ತಿದ್ದುದು ಅವರ ಕಾಲನ್ನು. ಮುಖದ ಸರದಿ ಆಮೇಲೆ. ಮಾವ ಬಿಟ್ಟುಹೋದ ಚಪ್ಪಲಿ ಅಂಗಡಿಯನ್ನು ನಾದಿನಿಯ ಜೊತೆಗೂಡಿ ಇಪ್ಪತ್ತಾರು ವರ್ಷ ನಡೆಸಿದವಳು. ಯಾರ ಬಲಗಾಲು ಅಗಲ, ಯಾರ ಹಿಮ್ಮಡಿ ಒಳಕ್ಕೆ ವಾಲುತ್ತದೆ, ಎಲ್ಲ ಬಾಯಿಪಾಠ. ಮಾವ ಹಾಕಿಕೊಟ್ಟ ಕಟ್ಟಳೆ ಒಂದೇ: ಹೊಸ ಜೋಡು ಮೆಟ್ಟಿದವರು ಮೂಲೆಯ ದೀಪದ ಕಂಬದವರೆಗೆ ನಡೆದು ವಾಪಸು ಬರಬೇಕು, ಬೆಲೆಯ ಮಾತು ಆಮೇಲೆ.

ಈಗೀಗ ಕಂಬದವರೆಗೆ ನಡೆಯುವವರೇನೋ ಇದ್ದರು, ವಾಪಸು ಬಂದು "ಕೊಡಿ" ಎನ್ನುವವರು ಇರಲಿಲ್ಲ. ಹತ್ತು ಜೋಡು ಹಾಕಿ ನೋಡಿ, ಹಿಡಿಸಿದ್ದರ ಫೋಟೋ ಹೊಡೆದುಕೊಂಡು, "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಜಾರಿಕೊಳ್ಳುತ್ತಿದ್ದರು. ಮನೆಯಲ್ಲಿ ಅವರು ಕೇಳುತ್ತಿದ್ದುದು ಫೋನನ್ನು, ತರಿಸುತ್ತಿದ್ದುದು ಪಾರ್ಸೆಲ್ಲಿನಲ್ಲಿ!

"ಕಾಲು ನಮಗೆ ತೋರಿಸ್ತಾರೆ, ಕಾಸು ಅವರಿಗೆ ಕೊಡ್ತಾರೆ," ಎಂದು ನಾದಿನಿ ಹಲ್ಲು ಕಡಿಯುತ್ತಿದ್ದಳು.

ಕೊನೆಗೆ ಒಂದು ಭಾನುವಾರ ಇಬ್ಬರೂ ಪಾರ್ಸೆಲ್ ಕಂಪನಿಯ ಮ್ಯಾನೇಜರಿಗೆ ಅಂಗಡಿ ಬಿಟ್ಟುಕೊಡುವುದಾಗಿ ಮಾತು ಕೊಟ್ಟರು. ಕಂಪನಿಗೆ ಡಬ್ಬ ಪೇರಿಸಲು ಜಾಗ ಬೇಕಿತ್ತು. ಬರುವ ಶನಿವಾರ ಸಂಜೆ ಐದಕ್ಕೆ ಅಂಗಡಿಯ ಬೀಗದ ಕೈ ಅವನಿಗೆ. ಅಂದು ಅಳತೆಯಮ್ಮ ಕಂಬದವರೆಗೆ ತಾನೇ ಒಮ್ಮೆ ನಡೆದು ಬಂದಳು.

ಮಂಗಳವಾರ ಪಾರ್ಸೆಲ್ ತಂದವನು ಪಕ್ಕದ ದರ್ಜಿಯ ಬಾಗಿಲಿಗೆ ಬೀಗ ಬಿದ್ದಿದ್ದನ್ನು ಕಂಡು, ಅವನ ಡಬ್ಬವನ್ನು ಇವರ ಅಂಗಡಿಯಲ್ಲೇ ಇಟ್ಟುಹೋದ. ಡಬ್ಬದ ಮೇಲೆ ಶೂಗಳ ಚಿತ್ರ. ಅಳತೆ, ಏಳು.

"ಪಕ್ಕದಲ್ಲೇ ಕೂತು ನಮಗೇ ಟೋಪಿ ಹಾಕಿದಾರಲ್ಲ!" ನಾದಿನಿ ಕೆಂಡವಾದಳು.

ಅಳತೆಯಮ್ಮನಿಗೆ ಸಿಟ್ಟು ಬರಲಿಲ್ಲ, ಸಂಕಟ ಬಂತು. "ಏಳಂತೆ ಏಳು! ಮೆಷಿನ್ ತುಳಿದು ತುಳಿದು ಅವರ ಬಲಗಾಲು ಏಳೂವರೆ ಆಗಿದೆ ಕಣೇ. ಕಿರುಬೆರಳು ಜಜ್ಜಿ ಹೋಗುತ್ತೆ."

"ಹೋಗಲಿ ಬಿಡು, ಬುದ್ಧಿ ಬರುತ್ತೆ."

"ಬುದ್ಧಿ ಬರಬೇಕಾದ್ದು ತಲೆಗೆ. ಕಾಲು ಏನು ಪಾಪ ಮಾಡಿದೆ?"

ನಾದಿನಿ ಅತ್ತ ತಿರುಗಿದ್ದೇ ತಡ, ಆಕೆ ಮಾಡಬಾರದ್ದನ್ನು ಮಾಡಿಬಿಟ್ಟಳು. ಇನ್ನೊಬ್ಬರ ಡಬ್ಬ ಒಡೆದು, ಬಲಗಾಲಿನ ಶೂವಿನೊಳಗೆ ಮರದ ಅಚ್ಚು ತೂರಿಸಿ, ಕಿರುಬೆರಳಿನ ಜಾಗ ಹಿಗ್ಗುವಂತೆ ತಿರುಪು ಬಿಗಿದು, ಚರ್ಮಕ್ಕೆ ಎಣ್ಣೆ ಸವರಿ ಇಟ್ಟಳು.

ಮರುದಿನ ದರ್ಜಿ ತಲೆ ತಗ್ಗಿಸಿಕೊಂಡು ಬಂದ. "ತಪ್ಪು ತಿಳ್ಕೋಬೇಡಿ ಅಕ್ಕ, ಏನೋ ಅಗ್ಗಕ್ಕೆ ಸಿಕ್ತು ಅಂತ..."

"ಮಾತು ಆಮೇಲೆ. ಕಂಬದವರೆಗೆ ನಡೆದು ಬನ್ನಿ."

ಹೋಗುವಾಗ ಕಳ್ಳನ ಹಾಗೆ ಹೋದವನು, ಬರುವಾಗ ಮದುಮಗನ ಹಾಗೆ ಬಂದ.

ದರ್ಜಿಯ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಗುರುವಾರ ಹಿಮ್ಮಡಿ ಜಾರುವ ಶೂ ಹಿಡಿದು ಮೇಷ್ಟ್ರು ಬಂದರು. ಶುಕ್ರವಾರ, ಬೊಬ್ಬೆಯೆದ್ದ ಕಾಲಿನ ನರ್ಸು. ಎಲ್ಲರ ಕಂಕುಳಲ್ಲೂ ಡಬ್ಬ, ಮುಖದಲ್ಲಿ ನಾಚಿಕೆ. ಜನ ಹೆದರಿ ಓಡಲಿ ಎಂದು ನಾದಿನಿ ಬಾಯಿಗೆ ಬಂದಷ್ಟು ಕೂಲಿ ಹೇಳಿದಳು. ಅವರು ತುಟಿಪಿಟಕ್ಕೆನ್ನದೆ ಕೊಟ್ಟರು! ನಾದಿನಿಯ ಸಿಟ್ಟು ಅಲ್ಲಿಂದ ಇಳಿಯತೊಡಗಿತು ಎಂಬುದನ್ನು ಮುಚ್ಚಿಡುವುದೇಕೆ.

ಶನಿವಾರ ಐದಕ್ಕೆ ಸರಿಯಾಗಿ ಮ್ಯಾನೇಜರು ಬಂದಾಗ ಬೆಂಚಿನ ಮೇಲೆ ಎಂಟು ಜನ ಕೂತಿದ್ದರು. ಇನ್ನೊಂದು ಜೋಡು ತಂದಿದ್ದ ಮೇಷ್ಟ್ರ ಪಾದವನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಳತೆಯಮ್ಮನಿಗೆ ಕೊಟ್ಟ ಮಾತು ನೆನಪಾಯಿತು. ಆದರೂ ಕಣ್ಣು ತನ್ನ ಅಭ್ಯಾಸ ಬಿಡಬೇಕಲ್ಲ.

"ಎಡಗಾಲು ಯಾವಾಗಿಂದ ಕುಂಟ್ತಾ ಇದೆ?"

ಮ್ಯಾನೇಜರು ಕೆಂಪಾದ. "ನಮ್ಮ ಕಂಪನಿ ಮೂಲಕವೇ ತರಿಸಿದ್ದು. ನಾಲ್ಕು ಸಲ ವಾಪಸು ಮಾಡಿ ಬೇರೆ ತಗೊಂಡೆ. ನಾಲ್ಕೂ ಒಂದೊಂದು ಕಡೆ ಕಚ್ಚಿದವು."

ಬೆಂಚಿಗೆ ಬೆಂಚೇ ನಕ್ಕಿತು. ಅಳತೆಯಮ್ಮ ನಗಲಿಲ್ಲ. ಆಕೆ ನಾದಿನಿಯ ಕೈಯಲ್ಲಿದ್ದ ಬೀಗದ ಕೈ ನೋಡುತ್ತಿದ್ದಳು. ಕೇಳಲು ಧೈರ್ಯವಿರಲಿಲ್ಲ, ಆಸೆ ಮಾತ್ರ ಬೆಟ್ಟದಷ್ಟಿತ್ತು.

ನಾದಿನಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿಮ್ಮದು ಒಂಬತ್ತನೇ ನಂಬರ್. ಕೂತ್ಕೊಳ್ಳಿ."

"ಅಲ್ಲ, ಮಾತು ಕೊಟ್ಟಿದ್ರಲ್ಲ?"

"ಕೊಟ್ಟಿದ್ದು ಭಾನುವಾರ. ನಿಮ್ಮಲ್ಲಿ ಏಳು ದಿನದೊಳಗೆ ವಾಪಸು ತಗೋಬಹುದು ಅಲ್ವಾ? ನಾವು ಆರನೇ ದಿನಕ್ಕೇ ತಗೊಂಡ್ವಿ."

ಅಳತೆಯಮ್ಮನಿಗೆ ಕಣ್ಣು ಮಂಜಾಯಿತು. ಮಡಿಲಲ್ಲಿದ್ದುದು ಮೇಷ್ಟ್ರ ಪಾದ ಎಂಬುದನ್ನೂ ಮರೆತು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಒಂಬತ್ತನೇ ನಂಬರ್ ಬಂದಾಗ ಅಳತೆಯಮ್ಮ ಮ್ಯಾನೇಜರನ ಶೂ ಹಿಂದೆ ಮುಂದೆ ತಿರುಗಿಸಿ ನೋಡಿ ತಲೆಯಾಡಿಸಿದಳು. "ಇದು ಅಚ್ಚಿಗೂ ಬಗ್ಗಲ್ಲ." ಕಪಾಟಿನ ಮೇಲಿನ ಹಲಗೆಯಿಂದ ಒಂದು ಜೋಡು ಇಳಿಸಿ ಧೂಳು ಕೊಡವಿದಳು. "ಕಂಬದವರೆಗೆ ನಡೆದು ಬನ್ನಿ."

ಅವನು ಕಂಬದ ಬಳಿ ನಿಂತು ಫೋನು ತೆಗೆದ.

"ನೋಡೇ, ಫೋಟೋ ಹೊಡೀತಾನೆ!" ನಾದಿನಿ ಪಿಸುಗುಟ್ಟಿದಳು.

ಅವನು ಫೋನನ್ನು ಕಿವಿಗಿಟ್ಟುಕೊಂಡ. "ಹಲೋ, ಆ ಜಾಗ ಆಗಲ್ಲ, ಬೇರೆ ನೋಡಿ," ಎಂದದ್ದು ಅಂಗಡಿಯವರೆಗೂ ಕೇಳಿಸಿತು. ಕುಂಟದೆ ವಾಪಸು ಬಂದು ತನ್ನ ಹಳೆಯ ಶೂಗಳನ್ನು ಅಳತೆಯಮ್ಮನ ಕಡೆ ಚಾಚಿದ.

"ಇದನ್ನ ಡಬ್ಬಕ್ಕೆ ಹಾಕ್ಕೊಡಿ. ಕಾಲಲ್ಲಿರೋದನ್ನ ಹಾಕ್ಕೊಂಡೇ ಹೋಗ್ತೀನಿ."